ಬಿಳಿ ಮೀನಿನ ಹಗೆ

"ಜೀವಂತ ಮೀನು ತಂದು ಈ ಮೇಜಿನ ಮೇಲಿಡು. ಆಮೇಲೆ ಆನರ್ಸ್ ಮಾತಾಡೋಣ," ಎಂದರು ಭೂತಗನ್ನಡಿ.

ಜೀವಶಾಸ್ತ್ರ ವಿಭಾಗದ ಹಿರಿಯ ಪ್ರಾಧ್ಯಾಪಕರಿಗೆ ಹುಡುಗರು ಇಟ್ಟ ಹೆಸರು ಅದು. ದಾರ ಕಟ್ಟಿದ ಒಂದು ಭೂತಗನ್ನಡಿ ಸದಾ ಅವರ ಎದೆಯ ಮೇಲೆ ನೇತಾಡುತ್ತಿತ್ತು. ಬೇರೆಯವರ ತಪ್ಪು ನೋಡಲು ಅದನ್ನು ಎತ್ತುತ್ತಾರೆ, ತಮ್ಮ ತಪ್ಪಿನ ಸರದಿ ಬಂದಾಗ ಕಿಸೆಗೆ ಹಾಕುತ್ತಾರೆ ಎಂದು ಕ್ಯಾಂಟೀನಿನಲ್ಲಿ ನಗೆಯಾಡುತ್ತಿದ್ದರು.

ಎದುರಿಗೆ ನಿಂತಿದ್ದವಳು ಕೊನೆಯ ವರ್ಷದ ವಿದ್ಯಾರ್ಥಿನಿ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳಾದ್ದರಿಂದ ಮನೆಯಲ್ಲೂ ಕಾಲೇಜಿನಲ್ಲೂ ಅವಳು ಕಿಡಿ.

ಪದವಿಯ ಜೊತೆ ಆನರ್ಸ್ ಬೇಕೆಂದರೆ ಪರೀಕ್ಷೆ ಬರೆದರಷ್ಟೇ ಸಾಲದು. ಸ್ವಂತ ಸಂಶೋಧನೆ ಮಾಡಿ, ಪ್ರಬಂಧ ಬರೆದು, ಹೊರಗಿನ ಪರೀಕ್ಷಕರ ಮುಂದೆ ಅದನ್ನು ಸಮರ್ಥಿಸಿಕೊಳ್ಳಬೇಕು. ಕಿಡಿಯ ಪ್ರಬಂಧ ಒಂದು ಗುಹೆಯ ಒಳಗಿನ ಕೊಳದಲ್ಲಿ ಬದುಕುವ ಕಣ್ಣಿಲ್ಲದ ಬಿಳಿ ಮೀನಿನ ಬಗ್ಗೆ. ವರ್ಷವಿಡೀ ಅವಳು ಆ ಗುಹೆಯಲ್ಲಿ ಹೊಟ್ಟೆಯ ಮೇಲೆ ತೆವಳಿದ್ದಳು. ಒಂದು ಜೋಡಿ ಮೀನನ್ನು ಜೀವಂತವಾಗಿ ತಂದೂ ಇದ್ದಳು. ಬೆಳಕು ಬಿದ್ದರೆ ಆಗದು ಎಂದು ಭೂತಗನ್ನಡಿಯವರೇ ಆ ಗಾಜಿನ ತೊಟ್ಟಿಯನ್ನು ತಮ್ಮ ಒಳಕೋಣೆಯಲ್ಲಿ ಕಪ್ಪು ಬಟ್ಟೆ ಮುಚ್ಚಿ ಇರಿಸಿಕೊಂಡಿದ್ದರು. ರಜೆ ಮುಗಿಸಿ ಅವಳು ಬಂದಾಗ ತೊಟ್ಟಿಗೆ ಗಾಳಿ ಊದುವ ಪಂಪು ಆರಿತ್ತು. ಮೀನುಗಳು ಸತ್ತು ಕರಗಿಹೋಗಿದ್ದವು. ಸ್ಪಿರಿಟ್ಟಿನಲ್ಲಿ ಅದ್ದಿಟ್ಟಿದ್ದ ಇನ್ನೊಂದು ಮೀನಿನ ಶೀಶೆ ಕಪಾಟಿನಿಂದ ಮಾಯವಾಗಿತ್ತು.

"ಫೋಟೋ ಇದೆಯಲ್ಲ, ಸರ್."

"ಫೋಟೋ ಈಗ ಚಿಕ್ಕ ಮಕ್ಕಳೂ ಮಾಡ್ತಾರಮ್ಮ."

"ನೀವೇ ತೊಟ್ಟಿ ಮುಂದೆ ನಿಂತು ನೋಡಿದ್ರಿ."

"ನಾನು ನೋಡಿದ್ದು ಯಾವುದೋ ಬಿಳುಚಿಕೊಂಡ ಕೆರೆ ಮೀನು." ಅವರು ಪ್ರಬಂಧದ ಕರಡನ್ನು ಮುಚ್ಚಿ ಡ್ರಾಯರಿಗೆ ಹಾಕಿದರು. "ಸೋಮವಾರ ಹೊರಗಿನ ಪರೀಕ್ಷಕರು ಬರ್ತಾರೆ. ಅಷ್ಟರೊಳಗೆ ಮೀನು. ಇಲ್ಲಾಂದ್ರೆ ಬರೀ ಪಾಸು."

ಕಿಟಕಿಯಾಚೆ ಬೆಟ್ಟಗಳ ಮೇಲೆ ಮೋಡ ಒಟ್ಟುಗೂಡುತ್ತಿತ್ತು. ಒಂದು ದೊಡ್ಡ ಮಳೆ ಬಿದ್ದರೆ ಆ ಗುಹೆ ತುಂಬಿಕೊಳ್ಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಯಾರೂ ಒಳಗೆ ಕಾಲಿಡುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ಅವಳ ಸಹಪಾಠಿ ಕಾದಿದ್ದ. ಬಾಗಿಲುಗಳಿಗೆಲ್ಲ ತಲೆ ಬಗ್ಗಿಸಿ ನುಗ್ಗುವ ಹುಡುಗ, ಅದಕ್ಕೇ ಹೆಸರು ಉದ್ದ. ಅವನ ಕೈಯಲ್ಲಿ ಮುಂದಿನ ತಿಂಗಳ ಒಂದು ದೊಡ್ಡ ಸಮ್ಮೇಳನದ ಕರಪತ್ರವಿತ್ತು.

"ಕೋಪ ಮಾಡ್ಕೋಬೇಡ. ಅಲ್ಲ, ಮಾಡ್ಕೋ. ಇದನ್ನು ಓದು."

'ಗುಹೆಯ ಕಣ್ಣಿಲ್ಲದ ಮೀನು: ಮೊದಲ ವರದಿ.' ಕೆಳಗೆ ಒಂದೇ ಹೆಸರು, ಭೂತಗನ್ನಡಿಯವರದು.

"ಬೇಲಿನೇ ಎದ್ದು ಹೊಲ ಮೇಯ್ತಲ್ಲೋ," ಎಂದಳು ಕಿಡಿ. ದನಿ ಎಷ್ಟು ತಣ್ಣಗಿತ್ತೆಂದರೆ ಉದ್ದ ಒಂದು ಮೆಟ್ಟಿಲು ಹಿಂದೆ ಸರಿದ.

ಅವಳು ನೇರ ನಗರಸಭೆಯ ಈಜುಕೊಳಕ್ಕೆ ಹೋದಳು. ಅವಳ ಅಕ್ಕ ಅಲ್ಲಿ ಈಜು ಕಲಿಸುತ್ತಿದ್ದಳು. ಕೊರಳಲ್ಲಿ ಸೀಟಿ, ಕೈಯಲ್ಲಿ ಉದ್ದನೆಯ ಕೋಲು, ಕ್ಲೋರಿನ್ ವಾಸನೆ ಅಂಟಿಕೊಂಡ ಕೂದಲು.

ಅಕ್ಕ ಕೂಡ ಒಂದು ಕಾಲಕ್ಕೆ ಅದೇ ವಿಭಾಗದ ವಿದ್ಯಾರ್ಥಿನಿ. ಆ ಗುಹೆಯ ನೀರಲ್ಲಿ ಮುಳುಗಿ ಆಚೆ ಎದ್ದು, ಬಿಳಿ ಮೀನನ್ನು ಮೊದಲು ಕಂಡವಳು ಅವಳೇ. ಹಿಡಿದು ತರಲು ಆಗಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಳು. ಭೂತಗನ್ನಡಿ ಪ್ರಬಂಧವನ್ನು ತಿರಸ್ಕರಿಸಿ ಸುಮ್ಮನಾಗಲಿಲ್ಲ. ಅಪ್ಪನನ್ನು ಕರೆಸಿ, "ನಿಮ್ಮ ಮಗಳಿಗೆ ಕತ್ತಲಲ್ಲಿ ಇಲ್ಲದ್ದೆಲ್ಲ ಕಾಣುತ್ತೆ, ಡಾಕ್ಟರಿಗೆ ತೋರಿಸಿ," ಎಂದರು. ಅಪ್ಪ ಹೊಲಿಗೆಯವನು, ಓದಿದವರ ಮಾತೆಂದರೆ ಅವನಿಗೆ ಕಲ್ಲಿನಲ್ಲಿ ಕೊರೆದದ್ದು. ತೋರಿಸಿದ. ಡಾಕ್ಟರು ಕೊಟ್ಟ ಗುಳಿಗೆಗಳನ್ನು ನುಂಗಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ ವರ್ಷ, ಕಿಡಿ ಇನ್ನೂ ಶಾಲೆಯ ಹುಡುಗಿ. ತಾನೂ ಜೀವಶಾಸ್ತ್ರ ಓದಬೇಕು, ಅದೇ ಗುಹೆಗೆ ಹೋಗಬೇಕು, ಅದೇ ಮನುಷ್ಯನ ಮುಂದೆ ಆ ಮೀನನ್ನಿಡಬೇಕು ಎಂದು ಅವಳು ನಿರ್ಧರಿಸಿದ್ದು ಆಗಲೇ.

ಎಲ್ಲವನ್ನೂ ಕೇಳಿಸಿಕೊಂಡ ಅಕ್ಕ ಕೋಲನ್ನು ಗೋಡೆಗೆ ಒರಗಿಸಿದಳು.

"ಮೀನು ತರೋಕೆ ಹೊರಟಿದೀಯೋ, ಹಗೆ ತೀರಿಸ್ಕೊಳ್ಳೋಕೋ?"

"ಎರಡಕ್ಕೂ."

"ಹಾಗಾದ್ರೆ ಬರ್ತೀನಿ. ಬರೀ ಮೀನಿಗೆ ಅಂದಿದ್ರೆ ಬರ್ತಿರ್ಲಿಲ್ಲ."

ಮರುದಿನ ಬೆಳಕು ಹರಿಯುವಾಗ ಮೂವರೂ ಹೊರಟರು. ಉದ್ದನ ಚಿಕ್ಕಪ್ಪನದು ಬ್ರೆಡ್ಡು ಹಂಚುವ ವ್ಯಾನು. ಹಿಂದಿನ ತಟ್ಟೆಗಳನ್ನು ಇಳಿಸಿ ಹಗ್ಗ, ತಲೆದೀಪ, ಈಜಿನ ಕನ್ನಡಕ, ಕೈಬಲೆ ತುಂಬಿದ್ದರು. ಮೀನಿಗೆಂದು ಅಗಲ ಬಾಯಿಯ ಒಂದು ಥರ್ಮಾಸ್ ಫ್ಲಾಸ್ಕು. ಗುಹೆಯ ನೀರಿನ ತಂಪು ಅದರಲ್ಲಿ ಮಾತ್ರ ಉಳಿಯುತ್ತಿತ್ತು.

ಊರು ಮುಗಿದು, ಇಟ್ಟಿಗೆ ಗೂಡುಗಳು ಮುಗಿದು, ರಸ್ತೆ ಕಾಡಿಗೆ ಹೊಕ್ಕಿತು. ಬೇಸಗೆಯ ಕೊನೆಯ ಕಾಡು; ಎಲೆಗಳೆಲ್ಲ ಧೂಳು ಹೊದ್ದು, ಒಂದು ಹನಿಗಾಗಿ ಬಾಯಿ ತೆರೆದು ನಿಂತಂತಿತ್ತು. ಮೇಲೇರುತ್ತ ಮರಗಳು ಕುಳ್ಳಾದವು, ನಡುನಡುವೆ ಸುಣ್ಣಕಲ್ಲಿನ ಬಂಡೆಗಳು ಹಳೆಯ ಹಲ್ಲುಗಳ ಹಾಗೆ ಎದ್ದುಬಂದವು. ಗಾಳಿ ಪೂರ್ತಿ ನಿಂತಿತ್ತು. ಹಕ್ಕಿಗಳು ಕೂಗುತ್ತಿರಲಿಲ್ಲ. ಬೆಟ್ಟದ ನೆತ್ತಿಯ ಮೇಲೆ ಮೋಡ ಎಷ್ಟು ಕೆಳಗೆ ಇಳಿದಿತ್ತೆಂದರೆ ಉದ್ದ ತಲೆ ಬಗ್ಗಿಸಿಯೇ ವ್ಯಾನು ಓಡಿಸಿದ, ಅದು ಅವನ ಅಭ್ಯಾಸವೋ ಭಯವೋ ಹೇಳುವಂತಿರಲಿಲ್ಲ.

ಗುಹೆಯ ಬಾಯಿಯ ಹತ್ತಿರ ವಿಭಾಗದ ಜೀಪು ನಿಂತಿತ್ತು.

"ನನ್ನ ನಕ್ಷೆ ಹಿಡ್ಕೊಂಡೇ ಬಂದಿದಾನೆ," ಎಂದಳು ಕಿಡಿ. "ಕರಡಿನಲ್ಲಿ ದಾರಿಯೆಲ್ಲ ಬರೆದುಕೊಟ್ಟಿದ್ದೆನಲ್ಲ, ಪೆದ್ದಿ ನಾನು."

ಅಷ್ಟರಲ್ಲಿ ಬಿಲದಿಂದ ಒಬ್ಬ ತೆವಳಿ ಬಂದ. ಮೈಯೆಲ್ಲ ಕೆಸರು, ಹಲ್ಲು ಕಟಕಟ. ಭೂತಗನ್ನಡಿಯವರ ಮೆಚ್ಚಿನ ಶಿಷ್ಯ, ಎಲ್ಲರ ಬಾಯಲ್ಲಿ ಮರಿಗನ್ನಡಿ.

"ಸರ್ ಎಲ್ಲೋ?" ಉದ್ದ ಅವನ ಭುಜ ಹಿಡಿದು ಕೇಳಿದ.

"ಆಚೆ... ನೀರಿನಾಚೆ ಇದಾರೆ. ನೀರೊಳಗೆ ಹಗ್ಗ ನನ್ನ ಕಾಲಿಗೆ ಸುತ್ಕೊಳ್ತು. ಉಸಿರು ಕಟ್ತು. ಕತ್ತರಿಸಿಬಿಟ್ಟೆ."

"ಅವರಿಗಿದ್ದ ಒಂದೇ ಹಗ್ಗಾನಾ?"

ಮರಿಗನ್ನಡಿ ಅತ್ತುಬಿಟ್ಟ.

ಅಕ್ಕ ಜೀಪಿನ ಕಡೆ ಕೈ ತೋರಿಸಿದಳು. "ಅಳೋದು ಆಮೇಲೆ. ಕೆಳಗಿನ ಊರಲ್ಲಿ ಪೊಲೀಸ್ ಚೌಕಿ ಇದೆ. ಹೋಗಿ ಜನ ಕರ್ಕೊಂಡು ಬಾ. ಓಡು!"

ಅವನು ಓಡಿದ. ಚೌಕಿಯ ಮುಂದೆ ಜೀಪು ನಿಲ್ಲಿಸದೆ ನೇರ ಮನೆಗೆ ಹೋಗಿ ಹೊದ್ದು ಮಲಗಿದನೆಂಬುದು ಅವರಿಗೆ ತಿಳಿದದ್ದು ಆಮೇಲೆ.

ಬೆಟ್ಟದ ಮೇಲೆ ಮೊದಲ ಗುಡುಗು ಉರುಳಿತು.

"ಈಗ ಹೋದ್ರೆ ಮೀನು ಸಿಗುತ್ತೆ," ಎಂದಳು ಕಿಡಿ, ತಲೆದೀಪ ಬಿಗಿಯುತ್ತ.

"ಮೇಷ್ಟ್ರು?" ಎಂದ ಉದ್ದ.

"ನಾನು ಮೀನಿಗೆ ಬಂದಿದೀನಿ."

ಅಕ್ಕ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿದಳು.

ಗುಹೆಯ ಬಾಯಿ ನೋಡಲು ಏನೂ ಅಲ್ಲ, ಬಂಡೆಯ ಬುಡದಲ್ಲಿ ಒಂದು ಸೀಳು. ಒಳಗೆ ಹೊಕ್ಕ ಮೇಲೆ ಅದರ ಗುಣ ಗೊತ್ತಾಗುತ್ತದೆ. ಮೊದಲು ನಿಂತು ನಡೆಯಬಹುದಾದ ಪಡಸಾಲೆ; ಗೋಡೆಗಳ ಮೇಲೆ ಸುಣ್ಣದ ನೀರು ಇಳಿದಿಳಿದು ಕಲ್ಲಾದ ಪರದೆಗಳು, ದೀಪ ಬಿದ್ದಲ್ಲಿ ಜೇನುತುಪ್ಪದ ಬಣ್ಣ. ಮುಂದೆ ಹೋದಂತೆ ಚಾವಣಿ ಇಳಿಯುತ್ತದೆ, ಬೆನ್ನು ಬಾಗುತ್ತದೆ, ಮಂಡಿ ಊರಬೇಕಾಗುತ್ತದೆ, ಕೊನೆಗೆ ಕೆನ್ನೆಯನ್ನು ಕೆಸರಿಗೆ ಒತ್ತಿ ಹಾವಿನಂತೆ ಸರಿಯಬೇಕು. ಪಕ್ಕದಲ್ಲೇ ಒಂದು ತೊರೆ ಒಳಗಿನಿಂದ ಹೊರಗೆ ಹರಿಯುತ್ತದೆ. ಅವತ್ತು ಅದರ ಸದ್ದು ಮಾಮೂಲಿಗಿಂತ ದಪ್ಪಗಿತ್ತು.

ತೆವಳುದಾರಿಯ ಕೊನೆಗೆ ಸಣ್ಣ ಜಾಗ, ಎದುರಿಗೆ ಕಪ್ಪು ನೀರು. ಅಲ್ಲಿ ಚಾವಣಿ ನೀರಿನೊಳಕ್ಕೇ ಇಳಿದುಬಿಟ್ಟಿತ್ತು. ಉಸಿರು ಕಟ್ಟಿ ಮುಳುಗಿ, ಬಂಡೆಯಡಿ ಹಾದು, ಆಚೆ ಏಳಬೇಕು. ಒಂದೇ ಉಸಿರಿನ ದಾರಿ, ಆದರೆ ದಾರಿ ತಪ್ಪಿದರೆ ಎರಡನೆಯ ಉಸಿರಿಲ್ಲ.

ಅಕ್ಕ ಹಗ್ಗದ ತುದಿಯನ್ನು ಒಂದು ಕಲ್ಲುಕಂಬಕ್ಕೆ ಬಿಗಿದಳು. "ಉದ್ದ, ನೀನು ಇಲ್ಲೇ ನೀರಿಗಿಳಿದು ನಿಂತಿರು. ನೀರು ನಿನ್ನ ಸೊಂಟಕ್ಕೆ ಬಂದ್ರೆ ನಮ್ಮನ್ನು ಕಾಯಬೇಡ."

"ನನ್ನ ಸೊಂಟಕ್ಕಾ? ಅಷ್ಟರಲ್ಲಿ ನಿಮ್ಮಿಬ್ಬರ ತಲೆ ಮುಳುಗಿರುತ್ತೆ."

"ಅದಕ್ಕೇ ನಿನ್ನನ್ನ ನಿಲ್ಲಿಸಿದ್ದು."

ಅಕ್ಕ ಮುಳುಗಿದಳು. ಹಗ್ಗ ಬಿಗಿಯಾಯಿತು. ಕಿಡಿ ಅದನ್ನು ಹಿಡಿದು ಹಿಂದೆಯೇ ಮುಳುಗಿದಳು. ಹಿಮದಂಥ ನೀರು ಕಿವಿಗೆ ನುಗ್ಗಿತು. ತಲೆಗೆ ಬಂಡೆ ಉಜ್ಜಿತು. ಎದುರು ಸೆಳೆತ ಎದೆಯನ್ನು ತಳ್ಳುತ್ತಿತ್ತು. ಕೈಮೇಲೆ ಕೈ. ಕೈಮೇಲೆ ಕೈ. ಎದೆ ಒಡೆಯುವ ಹೊತ್ತಿಗೆ ತಲೆ ಗಾಳಿಗೆ ಎದ್ದಿತು.

ಒಳಗಿನ ಕೋಣೆ ದೊಡ್ಡದು. ದೀಪದ ಬೆಳಕು ಎದುರು ಗೋಡೆಯನ್ನು ಮುಟ್ಟುವಷ್ಟರಲ್ಲಿ ಸೋತುಹೋಗುತ್ತಿತ್ತು. ಎತ್ತರದ ಬಿರುಕುಗಳಿಂದ ಹನಿಗಳು ಬೀಳುತ್ತಿದ್ದವು. ಹನಿಗಳೊಡನೆ ಮೇಲಿನ ಕಾಡಿನ ಹುಳಹುಪ್ಪಟೆ. ಬಿಳಿ ಮೀನುಗಳ ಬಾಳ್ವೆ ಅದರ ಮೇಲೆಯೇ.

"ಯಾರು? ಯಾರದು? ಇಲ್ಲಿ, ಇಲ್ಲಿದೀನಿ!"

ಭೂತಗನ್ನಡಿ ಒಂದು ಕಲ್ಲುಜಗಲಿಯ ಮೇಲೆ ಮುದುರಿ ಕೂತಿದ್ದರು. ಅವರ ದೀಪ ಸತ್ತಿತ್ತು. ಬೆಳಕಿನ ಹಿಂದಿದ್ದ ಮುಖಗಳು ಗುರುತಾದಾಗ ಅವರ ದನಿಯೂ ಸತ್ತಿತು.

ಕಿಡಿ ಅವರ ಕಡೆ ಹೋಗಲೇ ಇಲ್ಲ. ಕೊಳವನ್ನು ನೋಡಿದಳು. ನೀರು ಕದಡಿ ರಾಡಿಯಾಗಿತ್ತು, ದಡದಲ್ಲಿ ಹರಿದ ಬಲೆ ಬಿದ್ದಿತ್ತು.

"ಬಲೆ ಹಾಕಿ ಬಡಿದಿದೀರಿ, ಅಲ್ವಾ ಸರ್? ಒಂದಾದ್ರೂ ಸಿಕ್ತಾ?"

ಅವರು ಮುಖ ಪಕ್ಕಕ್ಕೆ ತಿರುಗಿಸಿದರು.

"ಕರಡಿನಲ್ಲಿ ಕೊನೇ ಅಧ್ಯಾಯ ಇರ್ಲಿಲ್ಲ. ನಿಮಗೆ ಕೊಡೋಕೆ ಮನಸ್ಸಾಗ್ಲಿಲ್ಲ. ಈಗ ನೋಡಿ."

ಅವಳು ರಾಡಿ ಇಲ್ಲದ ಒಂದು ಮೂಲೆ ಹುಡುಕಿ, ಬಲೆಯನ್ನು ನೀರಿನೊಳಗಿಟ್ಟು, ಮಂಡಿಯೂರಿ ಕೂತಳು. ಬೆರಳು ಅದ್ದಿ ಮೇಲೆತ್ತಿದಳು. ತುದಿಯಿಂದ ಒಂದು ಹನಿ ಬಿತ್ತು. ನಿಧಾನಕ್ಕೆ ಇನ್ನೊಂದು. ಆ ಮೀನುಗಳು ನೀರು ಅಲುಗಿದರೆ ಓಡುತ್ತವೆ, ಹನಿ ಬಿದ್ದರೆ ಊಟವೆಂದು ಬರುತ್ತವೆ. ವರ್ಷವಿಡೀ ಕತ್ತಲಲ್ಲಿ ಕೂತು ಅವಳು ಕಂಡುಕೊಂಡ ಸಂಗತಿ ಅದೇ. ಹನಿ. ಮತ್ತೊಂದು ಹನಿ. ತಳದಿಂದ ಬೆರಳುದ್ದದ ಒಂದು ಬಿಳುಪು ಏರಿಬಂತು. ಕಣ್ಣಿರಬೇಕಾದಲ್ಲಿ ನುಣ್ಣನೆಯ ತೊಗಲು. ಒಳಗಿನ ಕೆಂಪು ರಕ್ತನಾಳ ಕೂಡ ಕಾಣುವಷ್ಟು ತೆಳು ಮೈ. ಅದು ಹನಿ ಬಿದ್ದ ಜಾಗವನ್ನು ಮೂತಿಯಿಂದ ಮುಟ್ಟಿತು.

ಬಲೆ ಎದ್ದಿತು. ಫ್ಲಾಸ್ಕಿನ ಮುಚ್ಚಳ ಬಿಗಿಯಾಯಿತು.

ಅಕ್ಕ ಉಸಿರು ಬಿಟ್ಟಳು. ಆ ಮೀನನ್ನು ಅವಳು ಮತ್ತೆ ನೋಡುತ್ತಿದ್ದದ್ದು ಅಂದೇ.

ಜಗಲಿಯ ಮೇಲಿಂದ ಕ್ಷೀಣ ದನಿ ಕೇಳಿತು. "ಎಷ್ಟು ಸುಲಭ..."

"ಸುಲಭ," ಎಂದಳು ಕಿಡಿ. ಫ್ಲಾಸ್ಕನ್ನು ಹೆಗಲಿಗೆ ಹಾಕಿಕೊಂಡು ಅವರ ಎದುರು ಬಂದು ಕೂತಳು. "ಈಗ ನನ್ನ ಪ್ರಶ್ನೆ. ಪಂಪು ಆರಿಸಿದ್ದು ಯಾರು?"

"ಕರೆಂಟು ಹೋಗಿರಬೇಕು..."

ಕಿಡಿ ತನ್ನ ದೀಪ ಆರಿಸಿದಳು. ಒಂದು ಕ್ಷಣ ಬಿಟ್ಟು ಅಕ್ಕನ ದೀಪವೂ ಆರಿತು.

ಗುಹೆಯ ಕತ್ತಲಿಗೆ ಹೊರಗಿನ ಯಾವ ಕತ್ತಲೂ ಸಾಟಿಯಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ನೀರಿನ ಸದ್ದು ಎಲ್ಲ ದಿಕ್ಕಿನಿಂದ ಏರುತ್ತಿತ್ತು. ಮೇಲಿನ ಬಿರುಕುಗಳಲ್ಲಿ ಹನಿಗಳು ಒಂದಕ್ಕೊಂದು ಅಂಟಿ ಧಾರೆಯಾಗತೊಡಗಿದ್ದವು. ಮಳೆ ಹಿಡಿದಿತ್ತು.

"ದೀಪ! ದೀಪ ಹಚ್ಚಮ್ಮ!"

"ಕತ್ತಲಲ್ಲಿ ನಿಮಗೇನು ಕಾಣ್ತಿದೆ, ಸರ್?" ಇದು ಅಕ್ಕನ ದನಿ. "ಏನಾದ್ರೂ ಕಂಡ್ರೆ ಹೇಳಿ. ನನ್ನ ಹತ್ರ ಡಾಕ್ಟರ ವಿಳಾಸ ಇದೆ."

ನೀರು ಜಗಲಿಯ ಅಂಚಿಗೆ ಬಂದು ಅವರ ಪಾದ ಮುಟ್ಟಿರಬೇಕು, ಅವರು ಬೆಚ್ಚಿದ ಸದ್ದು ಕೇಳಿತು.

"ನಾನೇ," ಎಂದರು. "ನಾನೇ ಆರಿಸಿದೆ. ಶೀಶೆನೂ ನಾನೇ ತೆಗೆದೆ. ಬಚ್ಚಿಡೋವಾಗ ಕೈಜಾರಿ ಒಡೆದುಹೋಯ್ತು. ಅದಕ್ಕೇ ಇಲ್ಲಿಗೆ ಬಂದದ್ದು."

"ಅಕ್ಕನ ವಿಷಯ?"

"ಈ ಮೀನಿಗೋಸ್ಕರ ಅರ್ಧ ಆಯುಸ್ಸು ಗುಹೆ ಗುಹೆ ಸುತ್ತಿದೀನಿ ನಾನು. ನನಗೆ ಕಾಣದ್ದು ಒಂದು ಹುಡುಗಿಗೆ ಕಾಣ್ತು ಅಂದ್ರೆ... ಹೊಟ್ಟೆ ಉರೀತು. ಅವಳು ಹೇಳಿದ್ದು ಸುಳ್ಳಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು."

ಈ ಮಾತು ಕೇಳಿದ ದಿನ ಎದೆ ಹಗುರಾಗುತ್ತದೆ ಎಂದು ಕಿಡಿ ಅಂದುಕೊಂಡಿದ್ದಳು. ಹಗುರಾಗಲಿಲ್ಲ, ಇನ್ನಷ್ಟು ಕುದಿಯಿತು. ಇನ್ನೂ ಸ್ವಲ್ಪ ಹೊತ್ತು ಈ ಮನುಷ್ಯ ಕತ್ತಲಲ್ಲೇ ನಡುಗಲಿ ಎನಿಸಿತು. ಇಲ್ಲೇ ಇರಲಿ ಎಂದೂ ಎನಿಸಿತು.

ಅಕ್ಕನ ದೀಪ ಹೊತ್ತಿತು.

"ಏಳಿ," ಎಂದಳು ಅವಳು. "ಗೊತ್ತಿದ್ದೂ ಮಾಡಿದೆ ಅಂದ್ರಲ್ಲ. ಅದನ್ನ ಬೆಳಕಲ್ಲಿ ಹೇಳಬೇಕು ನೀವು. ಅಲ್ಲೀವರೆಗೂ ನಿಮ್ಮನ್ನ ಸಾಯೋಕೆ ಬಿಡಲ್ಲ. ನನ್ನ ಬೆಲ್ಟು ಹಿಡ್ಕೊಳ್ಳಿ. ಮಧ್ಯೆ ಕೈಬಿಟ್ರೆ ನಾನು ಹಿಂದೆ ತಿರುಗಿ ನೋಡಲ್ಲ."

ಅಕ್ಕ ಮುಂದೆ, ಅವಳ ಬೆಲ್ಟು ಹಿಡಿದು ಭೂತಗನ್ನಡಿ, ಕೊನೆಗೆ ಕಿಡಿ. ಮುಳುಗಿದರು.

ಈ ಸಲ ಸೆಳೆತ ಬೆನ್ನಿಗಿತ್ತು. ನೀರು ಮೂವರನ್ನೂ ಬಂಡೆಯ ಕೆಳಕ್ಕೆ ಎತ್ತಿ ಎಸೆಯಿತು. ಬರೀ ಕೆಸರು, ಏನೂ ಕಾಣದು. ಕಿಡಿಯ ಭುಜ ಕಲ್ಲಿಗೆ ಬಡಿಯಿತು. ಫ್ಲಾಸ್ಕನ್ನು ಎದೆಗೆ ಅವಚಿಕೊಂಡಳು.

ಅರ್ಧ ದಾರಿಯಲ್ಲಿ ಮುಂದಿನ ಮೈ ನಿಂತುಬಿಟ್ಟಿತು.

ಭೂತಗನ್ನಡಿ ಹೆದರಿ ಬೆಲ್ಟು ಬಿಟ್ಟು ಹಗ್ಗವನ್ನೇ ಅಪ್ಪಿಕೊಂಡಿದ್ದರು. ಆ ಇಕ್ಕಟ್ಟಿನಲ್ಲಿ ಅವರು ಬಿರಡೆಯಂತೆ ಕೂತರೆ ಹಿಂದಿನವಳಿಗೆ ದಾರಿಯಿಲ್ಲ. ಕಿಡಿ ತಳ್ಳಿದಳು. ಕದಲಲಿಲ್ಲ. ಗುದ್ದಿದಳು. ಅವರು ಕಾಲು ಝಾಡಿಸಿದರು, ಅವಳ ಕನ್ನಡಕ ಕಿತ್ತುಹೋಯಿತು. ಎದೆಯಲ್ಲಿ ಬೆಂಕಿ. ಕಿವಿಯಲ್ಲಿ ಡಮ ಡಮ.

ತಡಕಾಡಿ ಅವರ ಮುಷ್ಟಿಯನ್ನು ಹಿಡಿದಳು. ಬಾಯಿ ತೆರೆದು ಕಚ್ಚಿದಳು.

ಇಷ್ಟು ವರ್ಷ ಮಸೆದ ಹಲ್ಲು ಅದು. ಎಲುಬು ಸಿಗುವವರೆಗೂ ಕಚ್ಚಿದಳು. ಒಂದು ಕೈ ಬಿಟ್ಟಿತು. ಇನ್ನೊಂದನ್ನೂ ಕಚ್ಚಿದಳು. ಹಗ್ಗ ಬಿಡುಗಡೆಯಾಯಿತು, ನೀರು ಇಬ್ಬರನ್ನೂ ಉಗುಳಿತು.

ಉದ್ದನ ಕೈಗಳು ಕತ್ತು ಹಿಡಿದು ಮೇಲೆತ್ತಿದವು. ನೀರು ಅವನ ಸೊಂಟ ದಾಟಿ ಎದೆಗೆ ಬಂದಿತ್ತು. ಅವನು ಹೋಗಿರಲಿಲ್ಲ.

"ಕಾಯಬೇಡ ಅಂದಿದ್ನಲ್ಲೋ!" ಅಕ್ಕ ಕಿರುಚಿದಳು.

"ಬೈಯೋದು ಹೊರಗೆ ಹೋದ್ಮೇಲೆ! ನಡೀರಿ!"

ತೆವಳುದಾರಿಯಲ್ಲಿ ನೀರಿಗೂ ಚಾವಣಿಗೂ ನಡುವೆ ಒಂದು ಮುಖದಷ್ಟು ಗಾಳಿ ಉಳಿದಿತ್ತು. ಅಂಗಾತ ತೇಲುತ್ತ, ಮೂಗನ್ನು ಕಲ್ಲಿಗೆ ಒತ್ತಿ, ಅಂಗೈಯಿಂದ ಚಾವಣಿಯನ್ನು ತಳ್ಳುತ್ತ ಸರಿದರು. ಅಕ್ಕ ಒಂದು ಕೈಯಲ್ಲಿ ಮೇಷ್ಟ್ರ ಕಾಲರು ಹಿಡಿದು ಎಳೆದಳು, ಈಜುಕೊಳದಲ್ಲಿ ಮುಳುಗಿದ ಮಕ್ಕಳನ್ನು ಎಳೆಯುವ ಹಾಗೆ. ಮೈಗೆ ಮಳೆ ಬಡಿದಾಗಲೇ ಹೊರಗೆ ಬಂದದ್ದು ಗೊತ್ತಾದದ್ದು. ಹಿಂದೆ ಸೀಳಿನಿಂದ ಕೆಂಪು ನೀರು ಭೋರೆಂದು ನುಗ್ಗಿಬಂತು.

ಕಿಡಿ ಕೆಸರಿನಲ್ಲೇ ಕೂತು ಮುಚ್ಚಳ ತಿರುಗಿಸಿದಳು. ಒಳಗೆ ಬಿಳುಪು ಅಲುಗಿತು.

ವ್ಯಾನು ಊರಿಗೆ ಮರಳಿತು. ತಮ್ಮ ಮನೆಯ ಬೀದಿಯಲ್ಲಿ ಇಳಿಯುವಾಗ ಭೂತಗನ್ನಡಿ ರಕ್ತದ ಕೈಗೆ ಕರವಸ್ತ್ರ ಸುತ್ತಿಕೊಳ್ಳುತ್ತ, "ಒಳಗೆ ನಡೆದದ್ದು ಒಳಗೇ ಇರ್ಲಿ. ಮೀನು ತಂದಿದೀಯ, ಆನರ್ಸ್ ಕೊಡಿಸ್ತೀನಿ. ನಿನಗೂ ಒಳ್ಳೇದು, ನನಗೂ ಒಳ್ಳೇದು," ಎಂದರು.

"ಸೋಮವಾರ ಸಿಗೋಣ, ಸರ್," ಎಂದಳು ಕಿಡಿ.

ಸೋಮವಾರ ವಿಭಾಗದ ಕೋಣೆಯಲ್ಲಿ ದೊಡ್ಡ ಮೇಜು, ಪರದೆ ಇಳಿಬಿಟ್ಟ ಕಿಟಕಿ. ಹೊರಗಿನ ಪರೀಕ್ಷಕಿ ನೀರಿನ ಜೀವಿಗಳ ಬಗ್ಗೆ ಹೆಸರು ಮಾಡಿದ ಹಿರಿಯ ಹೆಂಗಸು, ಮಾತು ಕಡಿಮೆ. ಪಕ್ಕದಲ್ಲಿ ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಭೂತಗನ್ನಡಿ.

ಕಿಡಿ ಗಾಜಿನ ಬೋಗುಣಿಯಲ್ಲಿ ಮೀನನ್ನಿಟ್ಟು ಪ್ರಬಂಧ ಮಂಡಿಸಿದಳು. ಪರೀಕ್ಷಕಿ ಎದ್ದುಬಂದು, ಬೆರಳು ಅದ್ದಿ, ತಾವೇ ಒಂದು ಹನಿ ಬಿಟ್ಟು ನೋಡಿದರು. ಮೀನು ಬಂತು. ಅವರ ಮುಖ ಸಣ್ಣ ಮಗುವಿನಂತಾಯಿತು.

"ಅದ್ಭುತ. ಆದ್ರೆ ಒಂದು ಪ್ರಶ್ನೆ ಕೇಳಲೇಬೇಕು. ಇದು ಆ ಗುಹೆಯ ಒಳಗಿನ ಕೊಳದಿಂದಲೇ ಬಂದದ್ದು ಅನ್ನೋಕೆ ಏನು ಸಾಕ್ಷಿ?"

ಭೂತಗನ್ನಡಿ ಬೇಗ ಬಾಯಿ ಹಾಕಿದರು. "ಅದನ್ನು ನಾವು ನಂಬಬಹುದು. ಒಳ್ಳೆ ಹುಡುಗಿ."

"ನಂಬೋದು ಬೇಡ, ಸರ್," ಎಂದಳು ಕಿಡಿ. "ಹಿಡಿಯೋವಾಗ ಪಕ್ಕದಲ್ಲೇ ಒಬ್ಬ ವಿಜ್ಞಾನಿ ಇದ್ರು. ಅವರ ಹೆಸರು ನಾನು ಹೇಳಬೇಕಾ, ಅವರೇ ಹೇಳ್ತಾರಾ?"

ಬಾಗಿಲು ತೆರೆಯಿತು. ಅಕ್ಕ ಒಳಗೆ ಬಂದು, ಸದ್ದಿಲ್ಲದೆ ಕೊನೆಯ ಕುರ್ಚಿಯಲ್ಲಿ ಕೂತಳು. ಭೂತಗನ್ನಡಿಯವರ ಕಣ್ಣು ಅವಳ ಮೇಲೆ ನಿಂತಿತು. ಪರೀಕ್ಷಕಿ ಆ ಮುಖದಿಂದ ಈ ಮುಖಕ್ಕೆ ನೋಡಿದರು, ಆಮೇಲೆ ಬ್ಯಾಂಡೇಜುಗಳನ್ನು.

"ನಾನಿದ್ದೆ," ಎಂದರು ಭೂತಗನ್ನಡಿ, ಮೇಜಿಗೆ ಹೇಳುವಂತೆ.

"ಒಳ್ಳೇದೇ ಆಯ್ತು," ಎಂದರು ಪರೀಕ್ಷಕಿ. "ಮೀನೇ ಇಲ್ಲ ಅಂತ ನನಗೆ ಪತ್ರ ಬರೆದಿದ್ರಿ. ಹಾಗಿದ್ರೆ ನೀವು ಅಲ್ಲಿ ಏನು ಮಾಡ್ತಿದ್ರಿ?"

ಆ ಪ್ರಶ್ನೆಗೆ ಎತ್ತ ತಿರುಗಿದರೂ ಗೋಡೆ. ಗೋಡೆ ಬದಿಯ ಕುರ್ಚಿಯಲ್ಲಿದ್ದ ಉದ್ದ ಎದ್ದು ಸಮ್ಮೇಳನದ ಕರಪತ್ರವನ್ನು ಪರೀಕ್ಷಕಿಯ ಮುಂದೆ ಇಟ್ಟು, ಬಾಗಿ ನಮಸ್ಕರಿಸಿ, ಮತ್ತೆ ಕೂತ. ಅವರು ಓದಿದರು. ಕನ್ನಡಕ ತೆಗೆದರು. "ಹೇಳಿ, ಪೂರ್ತಿ ಹೇಳಿ. ನನಗೆ ಅವಸರ ಇಲ್ಲ."

ಅವರು ಹೇಳಿದರು. ಪಂಪು, ಶೀಶೆ, ಹಗ್ಗ. ಅಲ್ಲಿಗೆ ನಿಲ್ಲಿಸಲು ನೋಡಿದಾಗ ಅಕ್ಕ ಕುರ್ಚಿಯಿಂದ ಎದ್ದು ನಿಂತಳು, ಅಷ್ಟೆ. ಅವರು ಅದನ್ನೂ ಹೇಳಿದರು. ಹಾಡಹಗಲೇ, ಎಲ್ಲರ ಮುಂದೆ, ಹೆಸರು ಹಿಡಿದು: ಈಕೆ ಬರೆದದ್ದು ನಿಜವೆಂದು ಗೊತ್ತಿದ್ದೂ ಹುಚ್ಚಿ ಎಂದೆ.

ಕಿಡಿ ಒಂದೊಂದು ಮಾತನ್ನೂ ಕಣ್ಣು ಮಿಟುಕಿಸದೆ ಕೇಳಿದಳು. ಅಯ್ಯೋ ಪಾಪ ಎನಿಸಲಿಲ್ಲ. ಎನಿಸಬೇಕೆಂದು ಅವಳು ಪ್ರಯತ್ನಿಸಲೂ ಇಲ್ಲ.

ಕಿಡಿಗೆ ಆನರ್ಸ್ ಬಂತು. ವಿಚಾರಣೆ ನಡೆದು ಭೂತಗನ್ನಡಿ ವಿಭಾಗ ಬಿಟ್ಟರು. ಸಮ್ಮೇಳನದಲ್ಲಿ ಆ ಹೆಸರಿನ ಜಾಗ ಖಾಲಿ ಉಳಿಯಿತು. ಕಿಡಿಯ ಪ್ರಬಂಧದ ಮೊದಲ ಪುಟದಲ್ಲಿ 'ಈ ಮೀನನ್ನು ಮೊದಲು ಕಂಡವಳು ನನ್ನ ಅಕ್ಕ' ಎಂಬ ಸಾಲಿತ್ತು. ಹಳೆಯ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬಹುದೆಂದು ಅಕ್ಕನಿಗೂ ಹೇಳಿಕಳಿಸಿದರು. "ತಿದ್ದೋಕೆ ಅದರಲ್ಲಿ ತಪ್ಪೇ ಇಲ್ವಲ್ಲ," ಎಂದು ಅಕ್ಕ ಇದ್ದದ್ದನ್ನು ಇದ್ದ ಹಾಗೆಯೇ ಸಲ್ಲಿಸಿದಳು.

ಫಲಿತಾಂಶದ ದಿನ ಅಪ್ಪ ವಿಭಾಗಕ್ಕೆ ಬಂದ. ಕತ್ತಿಗೆ ಹಾಕಿದ ಅಳತೆ ಪಟ್ಟಿಯನ್ನು ತೆಗೆಯುವುದನ್ನೂ ಮರೆತಿದ್ದ. ಅಕ್ಕ ಅವನ ತೋಳು ಹಿಡಿದು ಒಳಕೋಣೆಗೆ ಕರೆದೊಯ್ದು ತೊಟ್ಟಿಯ ಬಟ್ಟೆ ಸರಿಸಿದಳು.

"ನೋಡಿ."

"ಕಾಣ್ತಿಲ್ವಲ್ಲಮ್ಮ."

"ಕಾಣೋವರೆಗೂ ನೋಡಿ."

ಅವಳು ತೋಳು ಬಿಡಲಿಲ್ಲ. ಅಪ್ಪ ಬಗ್ಗಿ ಗಾಜಿಗೆ ಹಣೆ ಹಚ್ಚಿದ. ಕಲ್ಲಿನ ಮರೆಯಿಂದ ಮೀನು ಬಂತು, ಅವನ ಮುಖದ ಮುಂದೆಯೇ ಹಾದುಹೋಯಿತು. ಏನೋ ಹೇಳಲು ಬಾಯಿ ತೆರೆದ, ಅದು ಬರಲಿಲ್ಲ, ಬೇರೆಯೇ ಬಂತು.

"ಇದಕ್ಕೆ... ತಿನ್ನೋಕೆ ಏನು ಹಾಕ್ತೀಯಮ್ಮ?"

ಅಕ್ಕ ಅವನನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಬಗ್ಗಿಸಿ ನಿಲ್ಲಿಸಿದಳು. ಆಮೇಲೆ ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಎಳೆದು ಅವನ ಕಡೆ ತಳ್ಳಿದಳು.

"ಕೂತ್ಕೊಳ್ಳಿ, ಹೇಳ್ತೀನಿ."